ಗಂಗಾ ಮುಂದೇನಾದಳು?

ನಾನು ಎಂ.ಎ. ಓದುತ್ತಿದ್ದಾಗ ಮೂಡಲಗಿ ತಾಲೂಕಿನ ನಮ್ಮೂರ ಜಾತ್ರೆಯಲ್ಲಿ ಒಂದು ವರ್ಷ ‘ಸಂಗ್ಯಾ ಬಾಳ್ಯಾ’ ಆಟವಿತ್ತು. ಹತ್ತಕ್ಕೆ ಶುರುವಾಗಬೇಕಿದ್ದ ಆಟ ಹನ್ನೆರಡರ ಸುಮಾರಿಗೆ ಶುರುವಾಯಿತು. ನಡುನಡುವೆ ಹಾರ್ಮೋನಿಯಂ ನಿಲ್ಲಿಸಿ ಆಹೇರಿ ಕೊಟ್ಟವರ ಹೆಸರು ಕೂಗುತ್ತಿದ್ದರು. ನಾನು ಆಯಿಯ ಪಕ್ಕ ಅವಳ ಕೌದಿಯ ಒಂದು ತುದಿ ಹೊದ್ದು ಕೂತಿದ್ದೆ. ಮೊಬೈಲಿನಲ್ಲಿ ಹಾಡು ಹಿಡಿದುಕೊಳ್ಳುತ್ತ, ನೋಟ್‌ಬುಕ್ಕಿನಲ್ಲಿ ಗೀಚುತ್ತ ಇದ್ದ ನನ್ನನ್ನು ಕಂಡು ಅವಳು ಎರಡು ಸಲ ‘ಸುಮ್ಕ ನೋಡವಾ’ ಎಂದು ಗದರಿದಳು. ಬೆಳಗಿನ ಜಾವಕ್ಕೆ ಸಂಗ್ಯಾನ ಕೊಲೆಯಾಯಿತು. ಮಂಗಳ ಹಾಡಿದರು. ಜನ ಎದ್ದರು. ಕೌದಿ ಝಾಡಿಸಿ ಮಡಚುತ್ತ ಆಯಿ ಕೇಳಿದಳು: ‘ಎಲ್ಲಾ ಛಲೋ ಆತು. ಗಂಗಾ ಮುಂದ ಏನಾದ್ಲು?’

‘ಆಟ ಮುಗೀತಲ್ಲ ಆಯಿ’ ಅಂದೆ.

‘ಆಟ ಮುಗೀತು. ಅಕೀ ಬಾಳೇ ಮುಗೀಲಿಲ್ಲಲಾ?’

ಆಗ ನಕ್ಕು ಸುಮ್ಮನಾಗಿದ್ದೆ. ಈಗ ಪಿಎಚ್.ಡಿ.ಯ ನಾಲ್ಕನೆಯ ವರ್ಷದಲ್ಲಿದ್ದೇನೆ. ಚಂದ್ರಶೇಖರ ಕಂಬಾರರು ಬಯಲಾಟಗಳನ್ನು ಹೇಗೆ ಓದಿದರು ಎಂಬುದು ನನ್ನ ವಿಷಯ. ಮೂರು ಅಧ್ಯಾಯಗಳು ಸರಾಗವಾಗಿ ಸಾಗಿದವು. ನಾಲ್ಕನೆಯದು ಆಯಿಯ ಆ ಪ್ರಶ್ನೆಯ ಎದುರು ಬಂದು ನಿಂತುಬಿಟ್ಟಿದೆ. ಅದು ವಿಮರ್ಶೆಯ ಪ್ರಶ್ನೆಯೇ, ಅಥವಾ ಆಟ ನೋಡಿ ಮನೆಗೆ ಹೋಗುವ ಮುದುಕಿಯ ಮರುಕ ಮಾತ್ರವೇ? ಈ ಬರಹದಲ್ಲಿ ನಾನು ಬಿಡಿಸಲು ನೋಡುತ್ತಿರುವುದು ಈ ಗಂಟನ್ನೇ.

*

ಕಂಬಾರರನ್ನು ನಾವು ಕವಿ ಎಂದು, ನಾಟಕಕಾರ ಎಂದು ಓದುತ್ತೇವೆ. 2010ನೇ ಸಾಲಿನ ಜ್ಞಾನಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯ ಸ್ಥಾನ, ಇವೆಲ್ಲ ಪರೀಕ್ಷೆಗೆ ಕೂರುವ ಹುಡುಗರಿಗೂ ಗೊತ್ತು. ವಿಮರ್ಶಕ ಕಂಬಾರರನ್ನು ಓದುವವರು ಕಡಿಮೆ. ಆ ವಿಮರ್ಶಕ ಹುಟ್ಟಿದ್ದು ನಮ್ಮ ಸೀಮೆಯಲ್ಲೇ. ಹುಕ್ಕೇರಿ ತಾಲೂಕಿನ ಘೋಡಗೇರಿ ಅವರ ಊರು. ಘಟಪ್ರಭೆಯ ದಂಡೆಯ ಈ ಊರೇ ಅವರ ಕಾವ್ಯ, ನಾಟಕ, ಕಾದಂಬರಿಗಳಲ್ಲಿ ಶಿವಾಪುರವಾಯಿತು. ಗೋಕಾಕದಲ್ಲಿ ಶಾಲೆ ಓದಿದರು. ಬಡತನದಿಂದ ನಿಂತ ಓದು ಸಾವಳಗಿ ಮಠದ ನೆರವಿನಿಂದ ಮುಂದುವರಿಯಿತು. ಅವರು ಮುಂದೆ ಸಂಶೋಧನೆಗೆ ಆರಿಸಿಕೊಂಡ ವಸ್ತು ಉತ್ತರ ಕರ್ನಾಟಕದ ಜನಪದ ರಂಗಭೂಮಿ. ಎಂದರೆ ಬಾಲ್ಯದಲ್ಲಿ ಯಾವ ಆಟದ ಮುಂದೆ ನಿದ್ದೆಗಣ್ಣಲ್ಲಿ ಕೂತಿದ್ದರೋ ಅದೇ ಆಟದ ಮುಂದೆ ಪೆನ್ನು ಹಿಡಿದು ಮತ್ತೆ ಕೂತರು.

ಅದಕ್ಕೂ ಮುಂಚೆ, 1966ರಲ್ಲಿ, ಅವರು ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ ಪ್ರಕಟಿಸಿದ್ದರು. ಇದೇನು ದೊಡ್ಡ ಕೆಲಸ ಎಂದು ಈಗ ಅನ್ನಿಸಬಹುದು. ಆ ಕಾಲದಲ್ಲಿ ಸಣ್ಣಾಟವೆಂದರೆ ಓದಿದವರು ಮೂಗು ಮುರಿಯುವ ಆಟ. ದೊಡ್ಡಾಟಕ್ಕೆ ಪುರಾಣದ ಆಸರೆಯಿದೆ, ಕಿರೀಟ, ಭುಜಕೀರ್ತಿಗಳಿವೆ, ರಾಮ, ಭೀಮರಿದ್ದಾರೆ. ಸಣ್ಣಾಟಕ್ಕೆ ಇರುವುದು ಧೋತರ, ರುಮಾಲು, ಮನೆಯಲ್ಲಿ ಉಡುವ ಸೀರೆ. ಅದರ ಕತೆ ಪಕ್ಕದ ಓಣಿಯದು. ಬೈಲಹೊಂಗಲ ಸೀಮೆಯಲ್ಲಿ 19ನೇ ಶತಮಾನದಲ್ಲಿ ನಡೆದ ಒಂದು ಕೊಲೆಯೇ ‘ಸಂಗ್ಯಾ ಬಾಳ್ಯಾ’ದ ಮೂಲ, ಬೈಲಹೊಂಗಲದ ಪತ್ತಾರ ಮಾಸ್ತರರ ಹೆಸರು ಅದರ ಕರ್ತೃವಾಗಿ ಹೇಳಿಕೊಂಡು ಬಂದಿದೆ. ಬಾಯಲ್ಲಿ, ಕೈಬರಹದ ವಹಿಗಳಲ್ಲಿ ಬದುಕಿದ್ದ ಈ ಆಟ ಪುಸ್ತಕವಾದ ಮೇಲೆ ಅದನ್ನು ನಾಟಕವೆಂದು ಓದುವುದು, ಚರ್ಚಿಸುವುದು, ಪಠ್ಯಕ್ಕಿಡುವುದು ಸಾಧ್ಯವಾಯಿತು. ಒಂದು ಕೃತಿಯನ್ನು ಅಭಿಜಾತ ಎಂದು ಕರೆಯುವುದಕ್ಕೆ ಮೊದಲು ಅದು ಕೃತಿ ಎಂದು ಯಾರಾದರೂ ಒಪ್ಪಬೇಕಾಗುತ್ತದೆ. ಕಂಬಾರರು ಮಾಡಿದ ಮೊದಲ ವಿಮರ್ಶೆ ಅದೇ.

ಕತೆ ತಿಳಿಯದವರಿಗೆ ಚುಟುಕಾಗಿ ಹೇಳುತ್ತೇನೆ. ಸಂಗ್ಯಾ ಉಳ್ಳವರ ಮನೆಯ ಹುಡುಗ. ಬಾಳ್ಯಾ ಅವನ ಜೀವದ ಗೆಳೆಯ. ಈರ್ಯಾನ ಹೆಂಡತಿ ಗಂಗಾಳ ಮೇಲೆ ಸಂಗ್ಯಾನ ಮನಸ್ಸಾಗುತ್ತದೆ. ಪರಮ್ಮನೆಂಬ ಮುದುಕಿ ನಡುವೆ ಓಡಾಡುತ್ತಾಳೆ. ಮೊದಲು ಒಲ್ಲೆನೆಂದ ಗಂಗಾ, ಗಂಡ ವ್ಯಾಪಾರಕ್ಕೆ ಹೋದಾಗ ಒಲಿಯುತ್ತಾಳೆ. ಗುಟ್ಟು ಒಡೆಯುತ್ತದೆ. ಗೆಳೆಯನೇ ಗೆಳೆಯನಿಗೆ ಎರಡು ಬಗೆಯುತ್ತಾನೆ. ಈರ್ಯಾ ತನ್ನವರನ್ನು ಕೂಡಿಕೊಂಡು ಸಂಗ್ಯಾನನ್ನು ಕೊಲ್ಲುತ್ತಾನೆ.

*

ಬಯಲಾಟದ ಬಗ್ಗೆ ಕಂಬಾರರು ಕಲಿಸುವ ಮೊದಲ ಪಾಠ, ಅಲ್ಲಿ ನೋಡುವವರು ಆಟದ ಹೊರಗಿನವರಲ್ಲ ಎಂಬುದು. ಅದು ಜಾತ್ರೆಯ ಭಾಗ, ಹರಕೆಯ ಭಾಗ, ಊರಿನ ನಂಬಿಕೆಯ ಭಾಗ. ಟಿಕೆಟು ಕೊಂಡು ಕತ್ತಲಲ್ಲಿ ಕೂತು ಬೆಳಕಿನಲ್ಲಿರುವವರನ್ನು ನೋಡುವ ಕೆಲಸ ಅದಲ್ಲ. ಈ ಮಾತನ್ನು ಅವರನ್ನು ಓದಿದ ಎಲ್ಲರೂ ಹೇಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಅದನ್ನು ಪಾತ್ರದ ಪ್ರಶ್ನೆಗೆ ತಂದು ಹಚ್ಚಿದಾಗ ಏನಾಗುತ್ತದೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೋಡಿಲ್ಲ.

ಸಂಗ್ಯಾ ತನ್ನ ಆಸೆಯನ್ನು ಹಾಡುತ್ತಾನೆ. ಆ ಹಾಡಿನ ಸಾಲನ್ನು ಹಿಂದೆ ನಿಂತ ಹಿಮ್ಮೇಳದವರು ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಹಿಮ್ಮೇಳದವರೆಂದರೆ ಯಾರು? ಹಗಲು ಹೊಲಕ್ಕೆ ಹೋಗುವ, ಸಂಜೆ ಕಟ್ಟೆಯ ಮೇಲೆ ಕೂತು ಪರರ ಮನೆಯ ನ್ಯಾಯ ಹೇಳುವ ಗಂಡಸರು. ಇನ್ನೊಬ್ಬರ ಹೆಂಡತಿಯನ್ನು ಬಯಸುವ ಸಂಗ್ಯಾನ ಮಾತು ಹೀಗೆ ಹತ್ತು ಬಾಯಿಗಳ ಮಾತಾಗುತ್ತದೆ. ಬೇರೆಯ ರಂಗಭೂಮಿಯಲ್ಲಿ ಪಾತ್ರದ ಒಳಮನಸ್ಸು ಎಂದು ನಾವು ಯಾವುದನ್ನು ಹುಡುಕುತ್ತೇವೆಯೋ ಅದು ಇಲ್ಲಿ ಒಳಗೆ ಉಳಿಯುವುದೇ ಇಲ್ಲ. ಎಲ್ಲ ಹೊರಗೆ ಬಂದು, ದಪ್ಪಿನ ಪೆಟ್ಟಿಗೆ ಸಿಕ್ಕು, ಊರಿನದಾಗಿಬಿಡುತ್ತದೆ. ಸಂಗ್ಯಾನನ್ನು ಒಬ್ಬ ಕಾಮುಕ ಎಂದೋ, ಮುಗ್ಧ ಎಂದೋ ತೀರ್ಮಾನಿಸುವ ವಿಮರ್ಶೆ ಈ ಕಾರಣಕ್ಕೆ ತೆಳುವಾಗಿ ಕಾಣುತ್ತದೆ. ಅವನ ಆಸೆಯಲ್ಲಿ ಊರಿಗೆ ಪಾಲಿದೆ. ಅವನ ಸಾವಿನಲ್ಲೂ ಪಾಲಿದೆ. ಕಂಬಾರರ ಓದು ನನಗೆ ಕೊಟ್ಟ ಬೀಗದ ಕೈ ಇದು.

ಇದೇ ಕೈಯಿಂದ ಬಾಳ್ಯಾನನ್ನೂ ತೆರೆಯಬಹುದು. ನಮ್ಮ ತರಗತಿಗಳಲ್ಲಿ ಬಾಳ್ಯಾನನ್ನು ಷೇಕ್ಸ್‌ಪಿಯರನ ಇಯಾಗೋ ಪಕ್ಕ ನಿಲ್ಲಿಸುವ ರೂಢಿ ಇದೆ. ಗೆಳೆಯನಂತೆ ನಟಿಸಿ ಕೇಡು ಬಗೆದವನು ಎಂಬಷ್ಟಕ್ಕೆ ಹೋಲಿಕೆ ಸರಿ. ಮುಂದಕ್ಕೆ ಅದು ನಡೆಯುವುದಿಲ್ಲ. ಇಯಾಗೋ ಮೊದಲಿನಿಂದಲೂ ಸಂಚುಗಾರ. ಕೊನೆಗೆ ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ ಇನ್ನು ಬಾಯಿ ಬಿಡುವುದಿಲ್ಲ ಎಂದು ನಿಂತುಬಿಡುತ್ತಾನೆ. ಅವನ ಗುಟ್ಟು ಅವನ ಹತ್ತಿರವೇ ಉಳಿಯುತ್ತದೆ, ಮೂರು ನೂರು ವರ್ಷ ವಿಮರ್ಶಕರು ಅದನ್ನು ಕೆದಕುತ್ತ ಕೂತರು. ಬಾಳ್ಯಾ ನಿಜವಾಗಿ ಗೆಳೆಯನೇ ಆಗಿದ್ದವನು. ಅವನು ಒಡೆಯುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ನಮ್ಮೂರ ಆಟದಲ್ಲಿ ಬಾಳ್ಯಾನ ವೇಷ ಹಾಕಿದವರು ಸಂಗ್ಯಾ ಸತ್ತ ಮೇಲೆ ರುಮಾಲು ಬಿಚ್ಚಿ ನೆಲಕ್ಕೆ ಹಾಕಿ ಅಳುತ್ತ ಕೂತರು. ಜನ ಸುಮ್ಮನಿರಲಿಲ್ಲ. ‘ಈಗ ಅಳತಿಯೇನಲೇ’ ಎಂದು ಒಬ್ಬ ಹಿರಿಯರು ಕೂತಲ್ಲಿಂದಲೇ ಬೈದರು. ವೇಷಧಾರಿ ಅವರ ಕಡೆ ತಿರುಗಿ ಕೈ ಮುಗಿದರು. ಇಯಾಗೋನ ಗುಟ್ಟನ್ನು ಅರ್ಥ ಮಾಡಿಕೊಳ್ಳಲು ಪುಸ್ತಕ ಬೇಕು. ಬಾಳ್ಯಾನನ್ನು ವಿಚಾರಿಸಲು ಊರೇ ಎದುರಿಗೆ ಕೂತಿರುತ್ತದೆ.

ಹೀಗೆ ಸಂಗ್ಯಾ ಸಿಕ್ಕ, ಬಾಳ್ಯಾ ಸಿಕ್ಕ, ಈರ್ಯಾನೂ ಸಿಕ್ಕಾನು. ಗಂಗಾಳ ಹತ್ತಿರ ಬಂದಾಗ ಮಾತ್ರ ಕೈ ತಿರುಗುವುದಿಲ್ಲ.

*

ಪಾತ್ರಗಳನ್ನು ಬದುಕಿರುವ ಜನರಂತೆ ಕಂಡು ಪ್ರಶ್ನೆ ಕೇಳಬಹುದೇ ಎಂಬ ಜಗಳ ಇಂಗ್ಲಿಷ್ ವಿಮರ್ಶೆಯಲ್ಲಿ ಹಳೆಯದು. ಎ.ಸಿ. ಬ್ರಾಡ್ಲಿ 1904ರಲ್ಲಿ ಷೇಕ್ಸ್‌ಪಿಯರನ ದುರಂತ ನಾಟಕಗಳ ಮೇಲೆ ಬರೆದ ಪುಸ್ತಕದ ಕೊನೆಯಲ್ಲಿ ಹಲವು ಟಿಪ್ಪಣಿಗಳಿವೆ. ತಂದೆ ಸತ್ತಾಗ ಹ್ಯಾಮ್ಲೆಟ್ ಎಲ್ಲಿದ್ದ? ಲೇಡಿ ಮ್ಯಾಕ್‌ಬೆತ್ ನಿಜವಾಗಿ ಎಚ್ಚರ ತಪ್ಪಿದಳೋ, ನಟಿಸಿದಳೋ? ಇಂಥವನ್ನು ಆತ ಗಂಭೀರವಾಗಿ ವಿಚಾರಿಸುತ್ತಾನೆ. 1933ರಲ್ಲಿ ಎಲ್.ಸಿ. ನೈಟ್ಸ್ ಇದನ್ನು ಗೇಲಿ ಮಾಡಿ ಒಂದು ಪ್ರಬಂಧ ಬರೆದ. ಲೇಡಿ ಮ್ಯಾಕ್‌ಬೆತ್‌ಗೆ ಮಕ್ಕಳೆಷ್ಟು ಎಂಬುದೇ ಅದರ ಹೆಸರು. ನಾಟಕ ಎಂದರೆ ಮಾತುಗಳ, ಪ್ರತಿಮೆಗಳ ಒಂದು ರಚನೆ. ಪಾತ್ರ ಆ ರಚನೆಯ ಭಾಗ. ರಚನೆಯ ಹೊರಗೆ ಅದಕ್ಕೆ ಬಾಲ್ಯವೂ ಇಲ್ಲ, ಭವಿಷ್ಯವೂ ಇಲ್ಲ. ನಮ್ಮಂಥ ವಿದ್ಯಾರ್ಥಿಗಳು ವಿಮರ್ಶೆಯ ಬಾಗಿಲಲ್ಲೇ ಕಲಿಯುವ ಶಿಸ್ತು ಇದು. ‘ಆಟ ಮುಗೀತಲ್ಲ ಆಯಿ’ ಅಂದಾಗ ನನ್ನ ಬಾಯಲ್ಲಿ ಮಾತಾಡಿದ್ದು ನೈಟ್ಸನೇ ಇರಬೇಕು.

ಆದರೆ ಆಯಿಯ ಪ್ರಶ್ನೆ ಬ್ರಾಡ್ಲಿಯದೂ ಅಲ್ಲ. ಬ್ರಾಡ್ಲಿ ಇಲ್ಲದ ಮಕ್ಕಳನ್ನು ಎಣಿಸುತ್ತಿದ್ದ. ಗಂಗಾ ಇದ್ದಳು. ಸಂಗ್ಯಾ ಎಂಬವನು ಬೈಲಹೊಂಗಲ ಸೀಮೆಯಲ್ಲಿ ಕೊಲೆಯಾದದ್ದು ನಿಜವಾದರೆ, ಆ ಮರುದಿನ ಬೆಳಗ್ಗೆ ಒಬ್ಬ ಹೆಂಗಸು ಎದ್ದು ಒಲೆ ಹಚ್ಚಿದಳೋ ಇಲ್ಲವೋ ಎಂಬುದೂ ನಿಜದ ಪ್ರಶ್ನೆಯೇ. ಕತೆಯ ಹೊರಗೆ ಅವಳಿಗೆ ಬದುಕು ಇತ್ತು. ಊರು ಅದನ್ನು ಆಟ ಮಾಡುವಾಗ ಆ ಬದುಕನ್ನು ಹೊರಗೆ ಬಿಟ್ಟಿತು. ಆಟದ ಹೆಸರಿನಲ್ಲಿ ಇಬ್ಬರು ಗಂಡಸರಿದ್ದಾರೆ. ಕೊನೆಯ ಘಟ್ಟದಲ್ಲಿ ಕೊಲ್ಲುವವರೂ ಗಂಡಸರು, ಸಾಯುವವನೂ ಗಂಡಸು, ಅಳುವವನೂ ಗಂಡಸು.

ನಮ್ಮೂರ ಆಟದಲ್ಲಿ ಗಂಗಾಳ ಪಾತ್ರವನ್ನು ಒಬ್ಬ ಹೆಣ್ಣುಮಗಳೇ ಮಾಡಿದ್ದಳು. ನನ್ನ ಅಂದಿನ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಇದೆ: ‘ಕೊಲೆ ನಡೆಯುವಾಗ ಗಂಗಾ ಹಾರ್ಮೋನಿಯಂ ಪಕ್ಕ ಕೂತು ಚಹಾ ಕುಡಿಯುತ್ತಿದ್ದಾಳೆ.’ ಬಯಲಾಟದಲ್ಲಿ ಇದು ಸಹಜ. ಪಾತ್ರ ಮುಗಿದವರು ಅಲ್ಲೇ ಬದಿಗೆ ಕೂತಿರುತ್ತಾರೆ, ಹಿಮ್ಮೇಳಕ್ಕೆ ದನಿಗೂಡಿಸುತ್ತಾರೆ. ಅದನ್ನು ನಾನು ರಂಗದ ರೂಢಿ ಎಂದು ಬರೆದುಕೊಂಡಿದ್ದೆ. ಈಗ ಓದಿದರೆ ಬೇರೆಯಾಗಿ ಕಾಣುತ್ತದೆ. ಎಲ್ಲ ಯಾರ ದೆಸೆಯಿಂದ ನಡೆಯಿತು ಎಂದು ಊರು ಹೇಳುತ್ತದೆಯೋ ಅವಳು, ಅದು ನಡೆಯುವ ಹೊತ್ತಿಗೆ ಆಟಕ್ಕೆ ಬೇಡವಾಗಿದ್ದಳು.

ನಾನು ಕಂಬಾರರನ್ನು ದೂರುತ್ತಿಲ್ಲ. ಆಟದಲ್ಲಿ ಇಲ್ಲದ್ದನ್ನು ಸಂಪಾದಕ ಸೇರಿಸಲಾರ. ಆದರೆ ನೋಡುವವರೂ ಆಟದ ಪಾಲುಗಾರರು ಎಂಬುದು ಅವರ ಸಿದ್ಧಾಂತವಾದರೆ, ಮಂಗಳ ಹಾಡಿದ ಮೇಲೆ ಕೌದಿ ಮಡಚುತ್ತ ಕೇಳಿದ ಪ್ರಶ್ನೆಯೂ ಆಟದ ಒಳಗಿನ ಮಾತೇ ಆಗಬೇಕು. ಬಾಳ್ಯಾನನ್ನು ಬೈದ ಹಿರಿಯರ ಮಾತನ್ನು ನಾವು ಜನಪದ ರಂಗದ ಜೀವಂತಿಕೆ ಎಂದು ಪ್ರಬಂಧದಲ್ಲಿ ಬರೆಯುತ್ತೇವೆ. ಆಯಿಯ ಮಾತನ್ನು ಬಿಟ್ಟುಬಿಡುತ್ತೇವೆ. ಇದು ವಿಮರ್ಶೆಯ ಲೋಪ, ಮೊದಲನೆಯದಾಗಿ ನನ್ನದು.

*

ಹೀಗೆ ತೊಡಕಿನಲ್ಲಿದ್ದಾಗ ‘ಜೋಕುಮಾರಸ್ವಾಮಿ’ಯನ್ನು ಮತ್ತೆ ಓದಿದೆ. 1972ರ ನಾಟಕ, ಬಿ.ವಿ. ಕಾರಂತರ ನಿರ್ದೇಶನದಲ್ಲಿ ಹೆಸರಾಯಿತು. ಅದನ್ನು ಊಳಿಗಮಾನ್ಯದ ವಿರುದ್ಧದ ನಾಟಕ, ಫಲವಂತಿಕೆಯ ಆಚರಣೆಯ ನಾಟಕ ಎಂದು ಓದುವುದು ರೂಢಿ. ಎರಡೂ ಸರಿ. ಉಳುವವನೇ ಹೊಲದೊಡೆಯ ಎಂಬ ಕಾನೂನು 1974ರಲ್ಲಿ ಜಾರಿಗೆ ಬರುವ ಮುಂಚೆಯೇ ಹೊಲ ಯಾರದು, ಉಳುವವನದೋ ಒಡೆಯನದೋ ಎಂದು ಅದು ಕೇಳಿತ್ತು. ಈ ಸಲ ನನಗೆ ಕಂಡದ್ದು ಬೇರೆ. ಅದರ ಎಲುಬಿನ ಹಂದರ ‘ಸಂಗ್ಯಾ ಬಾಳ್ಯಾ’ದ್ದೇ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿ ಈರ್ಯಾ, ಇಲ್ಲಿ ಗೌಡ. ಅಲ್ಲಿ ಗಂಗಾ, ಇಲ್ಲಿ ಗೌಡತಿ. ಅಲ್ಲಿ ಸಂಗ್ಯಾ, ಇಲ್ಲಿ ಬಸಣ್ಣ. ಅಲ್ಲಿ ನಡುವೆ ಓಡಾಡುವ ಪರಮ್ಮ, ಇಲ್ಲಿ ಸೂಳೆ ಶಾರಿ. ಅಲ್ಲಿ ಒಡೆದ ಗೆಳೆಯ ಬಾಳ್ಯಾ, ಇಲ್ಲಿ ಗೌಡನ ಹೆದರಿಕೆಗೆ ನಡುಗುವ ಗುರ್ಯಾ. ಎರಡರಲ್ಲೂ ಮದುವೆಯಾಚೆಯ ಕೂಟ, ಗಂಡನ ಕಡೆಯವರಿಂದ ಪ್ರಿಯಕರನ ಕೊಲೆ. ಸಣ್ಣಾಟದ ಆ ಕತೆಯನ್ನು ಆರು ವರ್ಷ ಮುಂಚೆ ಸಂಪಾದಿಸಿದ ಕೈಯೇ ಇದನ್ನು ಬರೆದದ್ದು. ಹೀಗೆಂದು ಅವರು ಘೋಷಿಸಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಇದು ನನ್ನ ಓದು. ಆದರೆ ಒಮ್ಮೆ ಈ ಹೋಲಿಕೆ ಕಣ್ಣಿಗೆ ಬಿದ್ದ ಮೇಲೆ ‘ಜೋಕುಮಾರಸ್ವಾಮಿ’ ನನಗೆ ನಾಟಕದಷ್ಟೇ ವಿಮರ್ಶೆಯೂ ಆಗಿ ಕಾಣತೊಡಗಿತು. ‘ಸಂಗ್ಯಾ ಬಾಳ್ಯಾ’ದ ಬಗ್ಗೆ ಕಂಬಾರರು ಬರೆದ ಅತಿ ದೀರ್ಘವಾದ, ಅತಿ ಗಟ್ಟಿಯಾದ ವಿಮರ್ಶೆ ಬಹುಶಃ ಇದೇ.

ಆ ವಿಮರ್ಶೆ ಹೇಳುವುದೇನು? ಒಂದು: ಸಣ್ಣಾಟದಲ್ಲಿ ಹಣವಂತನೇ ಪ್ರಿಯಕರ. ಅವನು ಪರರ ಮನೆಗೆ ಕೈ ಹಾಕಿದ. ಕಂಬಾರರು ಇದನ್ನು ಮಗುಚಿ ಹಾಕಿದರು. ಇಲ್ಲಿ ಹಣ, ಬಂದೂಕು, ಹೊಲ ಎಲ್ಲ ಗಂಡನ ಕಡೆಗಿವೆ. ಪ್ರಿಯಕರ ನೆಲ ಉಳುವವನು. ಹಾದರವೆಂಬ ಒಂದೇ ಮಾತಿನಿಂದ ತೂಗುತ್ತಿದ್ದ ತಕ್ಕಡಿಗೆ ಇನ್ನೊಂದು ತೂಕ ಬಿತ್ತು. ಎರಡು: ಸಣ್ಣಾಟದಲ್ಲಿ ಆಸೆ ಶುರುವಾಗುವುದು ಗಂಡಸಿನಲ್ಲಿ, ಗಂಗಾಳನ್ನು ಒಪ್ಪಿಸಬೇಕಾಗುತ್ತದೆ. ಇಲ್ಲಿ ಬಯಕೆ ಗೌಡತಿಯದು. ಗಂಡನಿಂದ ಮಕ್ಕಳಾಗುವ ದಾರಿಯಿಲ್ಲದ ಅವಳು ಜೋಕುಮಾರನ ಹುಣ್ಣಿಮೆಯ ದಿನ ಹರಕೆ ಹೊತ್ತು, ಪಡವಲಕಾಯಿಯ ಪಲ್ಯ ಮಾಡಿ ಹೊರಡುತ್ತಾಳೆ. ಅದು ಗೌಡನ ಬದಲು ಬಸಣ್ಣನ ಹೊಟ್ಟೆ ಸೇರುತ್ತದೆ. ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು: ಬಸಣ್ಣ ಸತ್ತ ಮೇಲೂ ಗೌಡತಿ ಉಳಿಯುತ್ತಾಳೆ. ಅವಳು ಬಸುರಿ. ನಾಟಕ ಅವಳನ್ನು ಹಾರ್ಮೋನಿಯಂ ಪಕ್ಕಕ್ಕೆ ಕಳಿಸುವುದಿಲ್ಲ.

ಇದಕ್ಕೆ ನಮ್ಮ ಕಡೆಯ ಜೋಕುಮಾರನ ಕತೆಯ ಬೆಂಬಲವಿದೆ. ಭಾದ್ರಪದದಲ್ಲಿ ಗಣಪತಿಯ ಬೆನ್ನಿಗೇ ಬರುವ ಜೋಕುಮಾರ ಏಳು ದಿನ ಬದುಕುತ್ತಾನೆ. ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಹಚ್ಚಿ, ಹೆಣ್ಣುಮಕ್ಕಳು ಮನೆಮನೆಗೆ ಹೊತ್ತು ಹಾಡುತ್ತಾರೆ. ಅವನು ಪರರ ಹೆಣ್ಣುಗಳ ಬೆನ್ನು ಹತ್ತಿದ ಪುಂಡ, ಅದಕ್ಕಾಗಿ ಕೊಲೆಯಾದವನು, ಸತ್ತು ಮಳೆ ತರುವವನು. ಸಂಗ್ಯಾನಿಗೂ ಅವನಿಗೂ ನೆಂಟಸ್ತಿಕೆ ಇದೆಯಲ್ಲವೇ? ವ್ಯತ್ಯಾಸವೊಂದೇ. ಸಂಗ್ಯಾನ ಕತೆಯನ್ನು ಗಂಡಸರ ಹಿಮ್ಮೇಳ ಹಾಡುತ್ತದೆ. ಜೋಕುಮಾರನ ಕತೆಯನ್ನು ಬುಟ್ಟಿ ಹೊತ್ತ ಹೆಂಗಸರು ಹಾಡುತ್ತಾರೆ. ಕಂಬಾರರು ಸಣ್ಣಾಟದ ಕತೆಯನ್ನು ಬುಟ್ಟಿಯ ಹಾಡಿನೊಳಕ್ಕೆ ತಂದಿಟ್ಟರು. ಗಂಗಾಳಿಗೆ ಮುಂದಿನ ದಿನ ಸಿಕ್ಕಿದ್ದು ಅಲ್ಲಿ.

*

ಇಲ್ಲಿಗೆ ಅಧ್ಯಾಯ ಮುಗಿಯಿತು ಎಂದುಕೊಂಡು ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆಯಿಗೆ ‘ಜೋಕುಮಾರಸ್ವಾಮಿ’ಯ ಕತೆಯನ್ನು ಹೇಳಿದೆ. ಅವಳು ಬಿಳಿಜೋಳ ಹಸನ ಮಾಡುತ್ತ ಪೂರ್ತಿ ಕೇಳಿದಳು. ಶಾರಿಯ ಭಾಗಕ್ಕೆ ನಕ್ಕಳು. ಕೊನೆಗೆ ಹೇಳಿದಳು: ‘ಗೌಡತಿಗಿ ಹೊಟ್ಟೀಲಾತು, ಛಲೋ ಆತು. ಹೊಟ್ಟೀಲೆ ಆಗದಾಕಿ ಏನ ಮಾಡಬೇಕವಾ?’

ತಡೆದು ಮತ್ತೊಂದು ಮಾತು ಹೇಳಿದಳು. ಅವಳು ಸೊಸೆಯಾಗಿ ಬಂದ ಹೊಸದರಲ್ಲಿ ಓಣಿಯಲ್ಲಿ ಇಂಥದೇ ಒಂದು ಸುದ್ದಿಯಾಗಿತ್ತಂತೆ. ಕೊಲೆಯೇನೂ ಆಗಲಿಲ್ಲ. ‘ಅಂವಾ ಎಂಟ ದಿನಾ ಊರ ಬಿಟ್ಟ, ತಿರುಗಿ ಬಂದ. ಅಕೀನ್ನ ತವರಿಗಿ ಕಳಿಸಿದ್ರು. ಆಮ್ಯಾಲೆ ಯಾರೂ ಅಕೀ ಹೆಸರ ತಗೀಲಿಲ್ಲ. ನನಗೂ ಈಗ ನೆಂಪಿಲ್ಲ ನೋಡು.’

ಹೆಸರು ನೆನಪಿಲ್ಲದ್ದಕ್ಕೆ ಅವಳಿಗೆ ಕೆಡುಕೆನಿಸಿತ್ತು. ಅಷ್ಟು ವರ್ಷ ಆದ ಮೇಲೆ ಆಟ ನೋಡಿ ಅವಳು ಕೇಳಿದ್ದು ಬೈಲಹೊಂಗಲದ ಗಂಗಾಳೊಬ್ಬಳನ್ನೇ ಅಲ್ಲ ಎಂದು ನನಗೆ ಆಗ ಹೊಳೆಯಿತು.

ಆಯಿಯ ಆಕ್ಷೇಪಣೆ ವಿಮರ್ಶೆಯ ದೃಷ್ಟಿಯಿಂದಲೂ ಸರಿಯಾಗಿದೆ. ಗೌಡತಿ ಉಳಿಯುವುದು ತಾಯಿಯಾಗಿ, ನೆಲದ ಹಾಗೆ. ಬಸಣ್ಣನ ವಂಶ ಅವಳ ಹೊಟ್ಟೆಯಲ್ಲಿ ಬೆಳೆಯುತ್ತದೆ. ಹೊಲದ ನ್ಯಾಯವೂ ಬಸಿರಿನ ನ್ಯಾಯವೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. 1972ರಲ್ಲಿ ಅದು ದೊಡ್ಡ ಮಾತು, ಈಗಲೂ ದೊಡ್ಡದೇ. ಆದರೆ ಹೆಣ್ಣು ಫಲವಾಗದೆ, ನೆಲವಾಗದೆ, ಬರಿಯ ಒಬ್ಬಳಾಗಿ ಉಳಿಯಲು ಈ ರಚನೆಯಲ್ಲಿ ಎಡೆ ಕಿರಿದು. ಗಂಗಾಳಿಗೆ ಕೂಸು ಹುಟ್ಟದಿದ್ದರೆ ಅವಳ ಕತೆ ಮತ್ತೆ ಅಲ್ಲೇ ನಿಲ್ಲುತ್ತದೆ.

ಹಾಗಾದರೆ ನಮ್ಮ ಹಳೆಯ ಆಟಗಳಲ್ಲಿ ಇದಕ್ಕೆ ಬೇರೆ ದಾರಿಯೇ ಇಲ್ಲವೇ? ನಮ್ಮೂರಿಂದ ದೂರವಲ್ಲದ ಕುಲಗೋಡದ ಕಡೆಗೆ ಒಮ್ಮೆ ನೋಡಬೇಕು. ಅಪರಾಳ ತಮ್ಮಣ್ಣನ ಹೆಸರಿನಲ್ಲಿ ಬಂದ ‘ಶ್ರೀಕೃಷ್ಣ ಪಾರಿಜಾತ’ವನ್ನು ತಿದ್ದಿ, ಹಿಗ್ಗಿಸಿ, ನಮ್ಮ ಭಾಗದ ರಂಗಕ್ಕೆ ಒಗ್ಗಿಸಿದವನು ಕುಲಗೋಡ ತಮ್ಮಣ್ಣ. ಗೋಕಾಕ ತಾಲೂಕಿನಲ್ಲಿದ್ದ ಆ ಊರು ಈಗ ಮೂಡಲಗಿ ತಾಲೂಕಿನಲ್ಲಿದೆ. ಪಾರಿಜಾತದ ಕತೆ ಎಲ್ಲರಿಗೂ ಗೊತ್ತು: ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಸವತಿಯರ ಜಗಳ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ರಾತ್ರಿಯೆಲ್ಲ ಕೂತು ನೋಡಿದವರು ಹಾಗೆ ಹೇಳಲಾರರು. ಆ ಇಡೀ ರಾತ್ರಿಯನ್ನು ನಡೆಸುವುದು ಒಬ್ಬ ಹೆಂಗಸಿನ ಮುನಿಸು. ನನಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಎಂದು ಅವಳು ಹೇಳುತ್ತಾಳೆ, ಹಾಡುತ್ತಾಳೆ, ದೂತಿಯ ಮುಂದೆ ತೋಡಿಕೊಳ್ಳುತ್ತಾಳೆ. ಕೊರವಂಜಿ ಬಂದು ಕಣಿ ಹೇಳಬೇಕಾಗುತ್ತದೆ, ದೇವರೇ ಬಂದು ಒಲಿಸಬೇಕಾಗುತ್ತದೆ. ಅವಳಿಗೆ ಬೇಕಾದದ್ದು ಕೂಸಲ್ಲ, ಹೊಲವಲ್ಲ. ಒಂದು ಹೂವು, ಅದರ ಹಿಂದಿನ ಮರ್ಯಾದೆ.

ಪಾರಿಜಾತ ಎಂದೊಡನೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಬರುವ ಇನ್ನೊಂದು ಹೆಸರು ಕೌಜಲಗಿ ನಿಂಗಮ್ಮ. ಗಂಡಸರೇ ಸೀರೆಯುಟ್ಟು ಕುಣಿಯುವುದು ರೂಢಿಯಾಗಿದ್ದ ರಂಗದಲ್ಲಿ ಹೆಣ್ಣೊಬ್ಬಳು ಪಾರಿಜಾತಕ್ಕೆ ಹೆಸರಾಗಿ ನಿಂತಳು. ಮುನಿದ ಹೆಣ್ಣಿನ ಮಾತು ಹೆಣ್ಣಿನ ದನಿಯಲ್ಲೇ ಊರಿಗೆ ಕೇಳುವ ದಾರಿಯನ್ನು ಅಂಥ ಕಲಾವಿದೆಯರು ತೆರೆದರು. ಇಂದು ಗಂಗಾಳ ಪಾತ್ರ ಮಾಡುವ ಹೆಣ್ಣುಮಕ್ಕಳು ನಡೆಯುವುದೂ ಅದೇ ದಾರಿಯಲ್ಲಿ.

ಇವೆರಡು ಆಟಗಳನ್ನು ನಾವು ಬೇರೆ ಬೇರೆ ಕೋಣೆಗಳಲ್ಲಿಟ್ಟು ಓದುತ್ತೇವೆ. ಒಂದು ಪೌರಾಣಿಕ, ಇನ್ನೊಂದು ಸಾಮಾಜಿಕ. ಒಂದು ಭಕ್ತಿ, ಇನ್ನೊಂದು ಹಾದರ. ನೋಡುವ ಹೆಂಗಸರಿಗೆ ಆ ಕೋಣೆಗಳಿಲ್ಲ. ಆಯಿ ಪಾರಿಜಾತವನ್ನೂ ನೋಡಿದವಳು, ‘ಸಂಗ್ಯಾ ಬಾಳ್ಯಾ’ವನ್ನೂ ನೋಡಿದವಳು. ದೇವರ ಹೆಂಡತಿಯೊಬ್ಬಳು ತನ್ನ ನೋವನ್ನು ಬೆಳತನಕ ಹೇಳಿಕೊಳ್ಳುವುದನ್ನು ಕೇಳಿದ ಕಿವಿಗೆ, ವ್ಯಾಪಾರಿಯ ಹೆಂಡತಿಯೊಬ್ಬಳು ಕೊನೆಯಲ್ಲಿ ಸುಮ್ಮನಾಗುವುದು ತಟ್ಟದೆ ಇದ್ದೀತೇ? ಅವಳ ಪ್ರಶ್ನೆ ನಾಟಕ ತಿಳಿಯದ ಮುದುಕಿಯ ಪ್ರಶ್ನೆಯಲ್ಲ. ಒಂದು ನಾಟಕವನ್ನು ಇನ್ನೊಂದರ ಬೆಳಕಿನಲ್ಲಿ ಓದಿದವಳ ಪ್ರಶ್ನೆ. ವಿಮರ್ಶಕರು ಮಾಡುವುದೂ ಇದೇ ಕೆಲಸ.

*

ಕಂಬಾರರಿಂದ ನಾನು ಕಲಿತದ್ದನ್ನು ಕಡಿಮೆ ಮಾಡಿ ಹೇಳಲಾರೆ. ನಮ್ಮೂರ ಆಟವನ್ನು ನಾಚಿಕೆಯಿಲ್ಲದೆ ಪುಸ್ತಕದ ಪಕ್ಕ ಇಡಬಹುದು ಎಂದು ತೋರಿಸಿದವರು ಅವರು. ಸಂಗ್ಯಾನನ್ನು ಊರಿನೊಳಗಿಟ್ಟು ನೋಡಲು ಕಲಿಸಿದವರು, ಗಂಗಾಳನ್ನು ಗೌಡತಿಯಾಗಿಸಿ ಬದುಕಿಸಿದವರು. ಅವರ ಓದು ಇನ್ನೂ ಮುಗಿದಿಲ್ಲ ಎಂದು ಹೇಳುವ ಧೈರ್ಯ ಬಂದದ್ದು ಕೂಡ ನೋಡುವವರಿಗೆ ಪಾಲುಂಟು ಎಂಬ ಅವರ ಮಾತಿನಿಂದಲೇ.

ನಾಲ್ಕನೆಯ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಈ ಸಲ ಗ್ರಂಥಾಲಯದ ಕೆಲಸ ಕಡಿಮೆ. ಮುಂದಿನ ಜಾತ್ರೆಗೆ ಗೋಕಾಕ, ಹುಕ್ಕೇರಿ ಕಡೆಯ ಮೇಳಗಳಲ್ಲಿ ಗಂಗಾಳ ಪಾತ್ರ ಮಾಡುವ ಹೆಣ್ಣುಮಕ್ಕಳನ್ನು ಹುಡುಕಿ ಹೋಗಬೇಕೆಂದಿದ್ದೇನೆ. ಸಂಗ್ಯಾನ ಕೊಲೆ ನಡೆಯುವಾಗ ನೀವು ಎಲ್ಲಿ ಕೂತಿರುತ್ತೀರಿ, ಆಗ ಏನನ್ನಿಸುತ್ತದೆ, ಒಂದು ಹಾಡು ಕೊಟ್ಟರೆ ಅಲ್ಲಿ ಏನು ಹಾಡುತ್ತೀರಿ ಎಂದು ಕೇಳಬೇಕು. ಇಷ್ಟು ಆಟಗಳನ್ನು ಮುಗಿಸಿ, ಇಷ್ಟು ಸಲ ಚಹಾ ಕುಡಿದು ಎದ್ದು ಹೋದವರಿಗೆ ಗಂಗಾ ಮುಂದೇನಾದಳು ಎಂಬುದು ನನಗಿಂತ ಚೆನ್ನಾಗಿ ಗೊತ್ತಿರಬಹುದು. ಆಯಿ ತಾನೂ ಬರುತ್ತೇನೆ ಎಂದಿದ್ದಾಳೆ.